ಹನ್ನೆರಡು ರಾತ್ರಿಗಳ ಯುರೋಪ್ ಪ್ರವಾಸಕ್ಕೆ ಎಷ್ಟು ಊರು?

ಪ್ರಶ್ನೆ (ಹುಬ್ಬಳ್ಳಿ):
ಮುಂದಿನ ಸೆಪ್ಟೆಂಬರ್‌ನಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಯುರೋಪಿಗೆ ಹೋಗಬೇಕೆಂದಿದ್ದೇವೆ. ಕೈಯಲ್ಲಿರುವುದು 12 ರಾತ್ರಿ. ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್ಲೆಂಡ್, ವೆನಿಸ್, ಫ್ಲಾರೆನ್ಸ್, ರೋಮ್ ಪಟ್ಟಿಯಲ್ಲಿವೆ. ಟೂರ್ ಕಂಪನಿಯ ಗುಂಪಿನೊಂದಿಗೆ ಹೋಗುವ ಮನಸ್ಸಿಲ್ಲ. ಇಬ್ಬರೂ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು):
ಮೊದಲು ಲಂಡನ್ ಬಿಡಿ. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಲು ಬಿಡುವ ಷೆಂಗೆನ್ ವ್ಯವಸ್ಥೆಗೆ ಬ್ರಿಟನ್ ಸೇರಿಲ್ಲವಾದ್ದರಿಂದ ಅದೊಂದು ಊರಿಗಾಗಿ ಪ್ರತ್ಯೇಕ ವೀಸಾ ಮಾಡಿಸಬೇಕು. ಆಮ್‌ಸ್ಟರ್‌ಡ್ಯಾಮ್ ಸೊಗಸಾದ ಊರೇ, ಆದರೆ ನಿಮ್ಮ ದಾರಿಗೆ ಅಡ್ಡ. ಊರು ಬದಲಿಸುವ ಪ್ರತಿ ಸಲವೂ ಪೆಟ್ಟಿಗೆ ಕಟ್ಟುವುದು, ಕೋಣೆ ಖಾಲಿ ಮಾಡುವುದು, ಸ್ಟೇಷನ್ ಹುಡುಕುವುದು, ಮಧ್ಯಾಹ್ನದವರೆಗೆ ಹೊಸ ಕೋಣೆಗಾಗಿ ಕಾಯುವುದು ಎಂದು ಅರ್ಧ ದಿನ ಕರಗುತ್ತದೆ ಎಂಬುದನ್ನು ಪಟ್ಟಿ ಬರೆಯುವಾಗ ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ಸಲಹೆ: ಪ್ಯಾರಿಸ್ 4, ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಕಣಿವೆಯ ಹಳ್ಳಿ ಲೌಟರ್‌ಬ್ರುನೆನ್ 3, ವೆನಿಸ್ 2, ರೋಮ್ 3 ರಾತ್ರಿ. ವೆನಿಸ್‌ನಿಂದ ರೋಮಿಗೆ ಹೋಗುವ ವೇಗದ ರೈಲುಗಳು ಫ್ಲಾರೆನ್ಸ್ ಮೂಲಕವೇ ಸಾಗುವುದರಿಂದ, ಬೆಳಿಗ್ಗೆ ಅಲ್ಲಿಳಿದು ಸ್ಟೇಷನ್ನಿನಲ್ಲಿ ಸಾಮಾನು ಇಟ್ಟು, ಊರು ನೋಡಿ ಸಂಜೆ ಮುಂದುವರಿಯಬಹುದು. ವಿಮಾನದ ಟಿಕೆಟ್ಟನ್ನು ಪ್ಯಾರಿಸ್‌ಗೆ ಹೋಗಿ ರೋಮ್‌ನಿಂದ ಮರಳುವಂತೆ ‘ಮಲ್ಟಿ ಸಿಟಿ’ ಆಯ್ಕೆಯಲ್ಲಿ ತೆಗೆದುಕೊಂಡರೆ ಬಂದ ದಾರಿಯಲ್ಲೇ ಹಿಂದಿರುಗುವ ಖರ್ಚೂ ದಣಿವೂ ಉಳಿಯುತ್ತವೆ.

ವೀಸಾ ವಿಚಾರದಲ್ಲಿ ಅನೇಕರು ಎಡವುವುದು ಇಲ್ಲಿಯೇ: ನೀವು ಇಳಿಯುವುದು ಪ್ಯಾರಿಸ್‌ನಲ್ಲಾದರೂ ಹೆಚ್ಚು ರಾತ್ರಿ ಕಳೆಯುವುದು ಇಟಲಿಯಲ್ಲಾದ್ದರಿಂದ ಅರ್ಜಿ ಇಟಲಿಗೇ ಸಲ್ಲಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ ರದ್ದುಮಾಡಬಹುದಾದ ಕೋಣೆಗಳನ್ನೇ ಕಾಯ್ದಿರಿಸಿ.

ಉತ್ತರ (ಜ್ಯೂರಿಕ್‌ನಲ್ಲಿ ನೆಲೆಸಿರುವ ಕನ್ನಡಿಗ):
ಮೇಲಿನ ಯೋಜನೆಗೆ ನನ್ನ ಪೂರ್ಣ ಸಮ್ಮತಿಯಿದೆ. ರೈಲಿನಲ್ಲಿ ಹತ್ತಬಹುದಾದ, 3,454 ಮೀಟರ್ ಎತ್ತರದ ಹಿಮಾವೃತ ತಾಣ ಯುಂಗ್‌ಫ್ರಾವ್‌ಯೋಹ್‌ನ ಟಿಕೆಟ್ಟನ್ನು ಊರಿನಲ್ಲೇ ಕುಳಿತು ಕೊಳ್ಳಬೇಡಿ. ಇಲ್ಲಿ ಬೆಳಿಗ್ಗೆ ಎದ್ದು, ಮೇಲಿನ ಕ್ಯಾಮೆರಾದ ನೇರ ದೃಶ್ಯವನ್ನು ಮೊಬೈಲಿನಲ್ಲಿ ನೋಡಿ, ಆಕಾಶ ತಿಳಿಯಾಗಿದ್ದರೆ ಮಾತ್ರ ಹೊರಡಿ; ಮಂಜು ಮುಸುಕಿದ ದಿನ ಅಷ್ಟು ಹಣ ತೆತ್ತು ಹತ್ತಿದವರಿಗೆ ಕಾಣುವುದು ಬಿಳಿ ಗೋಡೆ. ಅಂಥ ದಿನ ಸುಮಾರು 300 ಮೀಟರ್ ಎತ್ತರದಿಂದ ಧುಮುಕುವ ಸ್ಟೌಬಾಖ್ ಜಲಪಾತವನ್ನು ಲೌಟರ್‌ಬ್ರುನೆನ್ ಬೀದಿಯಿಂದಲೇ ಪುಕ್ಕಟೆಯಾಗಿ ನೋಡಬಹುದು. ಹಾಫ್ ಫೇರ್ ಕಾರ್ಡ್ ಕೊಂಡರೆ ಹೆಚ್ಚಿನ ರೈಲು, ಕೇಬಲ್ ಕಾರುಗಳಲ್ಲಿ ಅರ್ಧ ದರ. ನಾಣ್ಯ ಇಲ್ಲಿ ಯೂರೊ ಅಲ್ಲ, ಫ್ರಾಂಕ್.

ಊಟ ದುಬಾರಿ. ಅಡುಗೆಮನೆ ಇರುವ ಕೋಣೆ ಹಿಡಿದು ಅಕ್ಕಿ, ತರಕಾರಿ, ಮೊಸರನ್ನು ಕೋಪ್ ಅಂಗಡಿಯಿಂದ ತಂದುಕೊಳ್ಳಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಕೊಂಡಿಡಿ. ಪುಳಿಯೋಗರೆ ಗೊಜ್ಜು ತರುವುದನ್ನು ನಾನು ಹೇಳಬೇಕಾಗಿಲ್ಲ.

ಉತ್ತರ (ಮಂಗಳೂರು):
ಇಟಲಿಯಲ್ಲಿ ಸಸ್ಯಾಹಾರಿಗಳಿಗೆ ತೊಂದರೆಯಿಲ್ಲವೆಂಬ ಮಾತು ಮುಕ್ಕಾಲು ಪಾಲು ನಿಜ. ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಹೆಪ್ಪುಗಟ್ಟಿಸುತ್ತಾರೆ. ತರಕಾರಿ ಸೂಪಿಗೂ ಮಾಂಸದ ಸಾರು ಬೆರೆತಿರಬಹುದು. ಇದನ್ನು ಒಪ್ಪದವರು ಕೇಳಿಯೇ ತಿನ್ನಬೇಕು. ಟೊಮೆಟೊ, ಬೆಳ್ಳುಳ್ಳಿಯ ಮಾರಿನಾರಾ ಪಿಜ್ಜಾದಲ್ಲಿ ಸಾಮಾನ್ಯವಾಗಿ ಚೀಸ್ ಇರುವುದಿಲ್ಲ.

ವೆನಿಸ್‌ನಲ್ಲಿ ಕಾರು, ಆಟೊ ಯಾವುದೂ ಇಲ್ಲ, ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲುಗಳಿವೆ. ಆದ್ದರಿಂದ ಕೋಣೆಯನ್ನು ಸಾಂತಾ ಲೂಚಿಯಾ ಸ್ಟೇಷನ್ ಬಳಿ ಅಥವಾ ದೋಣಿ ನಿಲ್ದಾಣಕ್ಕೆ ಹತ್ತಿರವಿರುವಂತೆ ಹಿಡಿಯಿರಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರಗಳಂದು ಮುಚ್ಚಿರುತ್ತದೆ. ಆ ಕೊನೆಯ ಭಾನುವಾರ ಪ್ರವೇಶ ಉಚಿತವಾದ್ದರಿಂದ ಜಾತ್ರೆ ಸೇರಿರುತ್ತದೆ. ಈ ವಾರಗಳನ್ನು ನೋಡಿಕೊಂಡು ನಂತರ ವಿಮಾನದ ದಿನಾಂಕ ಗೊತ್ತುಮಾಡಿ.