42ನೇ ಸೆಕೆಂಡಿಗೆ ನಿಲ್ಲಿಸಿ ನೋಡಿ

(ಮನೆಮಂದಿ ಗುಂಪು, ಅಕ್ಟೋಬರ್, ಭಾನುವಾರ ರಾತ್ರಿ)

ತಮ್ಮ: [ವಿಡಿಯೊ 1:20] ಕಾರವಾರದ ಗುಡ್ಡೆಹಳ್ಳಿ ಕಡೆ, ನಿನ್ನೆ ಮಧ್ಯಾಹ್ನ. ಬೆಂಗಳೂರಿನ ಗೆಳೆಯ ಬಂದಿದ್ದ. ಮಳೆ, ಗಾಳಿ, ಜಾರುವ ಕಲ್ಲು. ಆದರೂ ಗುಡ್ಡದ ನೆತ್ತಿ ಮುಟ್ಟಿಯೇ ಬಿಟ್ಟೆವು!

ಚಿಕ್ಕಿ: ಅಯ್ಯೋ ಮಾಣಿ, ನೋಡಿಯೇ ಕೈಕಾಲು ತಣ್ಣಗಾಯಿತು. ಆದರೂ ಚೆಂದ ಬಂದಿದೆ.

ದೊಡ್ಡಪ್ಪ: ಭೇಷ್. ನಾವು ಕಂಬಳಿಕೊಪ್ಪೆ ಹಾಕಿಕೊಂಡು ಇಂಥ ಗುಡ್ಡ ದಿನಾ ಹತ್ತುತ್ತಿದ್ದೆವು. ಈಗಿನವರಿಗೂ ಧೈರ್ಯ ಇದೆ ಅಂತಾಯಿತು.

ನಾನು: ದೊಡ್ಡಪ್ಪ, 42ನೇ ಸೆಕೆಂಡಿಗೆ ನಿಲ್ಲಿಸಿ ನೋಡಿ. ಆ ಬೆಂಗಳೂರಿನ ಹುಡುಗ ಎಡಗೈಯಲ್ಲಿ ಕರಡದ ಹುಲ್ಲಿನ ಬುಡ ಹಿಡಿದಿದ್ದಾನೆ. ಬಲಗೈ ಚಿರೆಕಲ್ಲಿನ ಅಂಚಿನ ಮೇಲಿದೆ, ಅಂಚು ಪುಡಿಪುಡಿಯಾಗಿ ಉದುರುತ್ತಿದೆ. ಮುಂದೆ ಎಲ್ಲಿ ಹಿಡಿಯಬೇಕು ಅಂತ ಅವನು ಹುಡುಕುತ್ತಲೇ ಇಲ್ಲ. ತಮ್ಮನ ಮುಖ ನೋಡುತ್ತಿದ್ದಾನೆ. ತಮ್ಮನ ಕೈಯಲ್ಲಿ ಮೊಬೈಲ್ ಇದೆ.

ತಮ್ಮ: ಅಕ್ಕಾ, ಅವನಿಗೆ ಏನೂ ಆಗಲಿಲ್ಲ. ನಗುತ್ತಲೇ ಇಳಿದ.

ನಾನು: ಇಳಿದದ್ದು ವಿಡಿಯೊದಲ್ಲಿ ಇಲ್ಲವಲ್ಲ. ಹತ್ತುವಾಗ ಕಲ್ಲು ಕಣ್ಣೆದುರು ಇರುತ್ತದೆ. ಇಳಿಯುವಾಗ ಕಾಲಿಡುವ ಜಾಗ ಕಾಣುವುದೇ ಇಲ್ಲ. ಇನ್ನೊಂದು. 50ನೇ ಸೆಕೆಂಡಿಗೆ ಮಿಂಚಿಗೆ ಪರದೆ ಬೆಳ್ಳಗಾಗುತ್ತದೆ, 56ಕ್ಕೆ ಗುಡುಗು. ಗುಡುಗಿನ ಸದ್ದಿಗೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಸಿಡಿಲು ನಿಮ್ಮಿಂದ ಬರೀ 2 ಕಿಲೋಮೀಟರ್ ಆಚೆ ಇತ್ತು. ಬೋಳು ನೆತ್ತಿಯ ಮೇಲೆ ಎತ್ತರಕ್ಕೆ ನಿಂತವರು ನೀವಿಬ್ಬರೇ.

ತಮ್ಮ: ಜುಲೈನಲ್ಲೂ ಹೋಗಿದ್ದೇನೆ. ಆಗ ಇದಕ್ಕಿಂತ ಜಾಸ್ತಿ ಮಳೆ ಇತ್ತು.

ದೊಡ್ಡಪ್ಪ: ಅದು ಬೇರೆ ಮಾರಾಯಾ. ಜುಲೈ ಮಳೆ ಸುಮ್ಮನೆ ಸುರಿಯುತ್ತದೆ, ಗುಡುಗು ಕಡಿಮೆ. ಮೇ ತಿಂಗಳು, ಅಕ್ಟೋಬರ್ ಮಾತ್ರ ನಂಬುವಂತಿಲ್ಲ. ಮಧ್ಯಾಹ್ನದವರೆಗೆ ಬಿಸಿಲು, ಮೂರು ಗಂಟೆಗೆ ಸಿಡಿಲು. ಇದು ನನಗೆ ಮೊದಲು ಹೊಳೆಯಲಿಲ್ಲ.

ಭಾವ (ಇಂಗ್ಲೆಂಡ್): ನಾನು ತಮ್ಮನ ಪರ. ವೇಲ್ಸ್‌ನಲ್ಲಿ ಕ್ರಿಬ್ ಗೋಚ್ ಅಂತ ಒಂದು ಏಣು ಇದೆ, 923 ಮೀಟರ್. ಕತ್ತಿಯ ಅಲುಗಿನ ಹಾಗೆ, ಎರಡೂ ಕಡೆ ಪ್ರಪಾತ. ಜನ ಹಗ್ಗವಿಲ್ಲದೆ ಕೈಕಾಲು ಊರಿಕೊಂಡು ದಾಟುತ್ತಾರೆ. ಎಲ್ಲದಕ್ಕೂ ಹೆದರಿದರೆ ಗುಡ್ಡ ಹತ್ತುವವರು ಯಾರು?

ನಾನು: ಭಾವ, ಅಲ್ಲಿನ ಜನ ಹೊರಡುವ ಮುಂಚೆ ಬೆಟ್ಟದ ಹವಾಮಾನ ನೋಡುತ್ತಾರೆ ಅಲ್ವಾ? ಗಾಳಿ ಜೋರಿದ್ದರೆ ಆ ಏಣಿನ ದಾರಿಯನ್ನೇ ಬಿಡುತ್ತಾರೆ. ಬಿದ್ದರೆ ಹುಡುಕಲು ಕಲಿತ ಸ್ವಯಂಸೇವಕರ ತಂಡ ಬರುತ್ತದೆ. ಇಲ್ಲಿ ಬರುವವರು ಕೆಳಗಿನ ಊರಿನವರು, ಇಲ್ಲವೇ ಅಗ್ನಿಶಾಮಕದವರು. ಆ ಮಳೆಯಲ್ಲಿ, ಆ ರಕ್ತ ಹೀರುವ ಉಂಬಳದ ಕಾಡಿನಲ್ಲಿ, ಕತ್ತಲಾದ ಮೇಲೆ.

ತಮ್ಮ: 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಬದಿಯ ಚಹಾ ಅಂಗಡಿ ಮೇಲೇ ಗುಡ್ಡ ಬಿತ್ತು. ಅಲ್ಲಿದ್ದವರು ಯಾವ ಗುಡ್ಡ ಹತ್ತಿದ್ದರು? ಅಪಾಯ ಎಲ್ಲಿಲ್ಲ ಹೇಳು.

ಚಿಕ್ಕಿ: ಆ ಮಾತು ತರಬೇಡ.

ನಾನು: ತರಲಿ ಚಿಕ್ಕಿ. ತಮಾ, ಅವರಿಗೆ ಓಡಲು ಹೊತ್ತೇ ಸಿಗಲಿಲ್ಲ. ನಿನಗೆ ಗುಡುಗು ಕೇಳಿಸಿತು. ಆಮೇಲೂ ಹತ್ತಿರ ಹತ್ತಿರ ಅರ್ಧ ನಿಮಿಷ ವಿಡಿಯೊ ಮಾಡಿದ್ದೀಯ.

ತಮ್ಮ: ಅವನೇನು ಚಿಕ್ಕ ಮಗುವಾ? ಬೇಡ ಅನ್ನಿಸಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು.

ನಾನು: ಇಲ್ಲ, ಹೇಳುವುದಿಲ್ಲ. ನನಗಿದು ಗೊತ್ತಿರುವುದಕ್ಕೆ ಒಂದು ಕಾರಣ ಇದೆ. ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ಗೆಳತಿಯನ್ನು ಶಿರಸಿ ಮನೆಗೆ ಕರೆತಂದಿದ್ದೆ, ಆಯಿಗೆ ನೆನಪಿರಬಹುದು. ತೋಟಕ್ಕೆ ಸೊಪ್ಪು ತರುವ ಬೆಟ್ಟದ ಆಚೆ ಗುಡ್ಡ ಹತ್ತಿಸಿದೆ. ಜಡಿಮಳೆ. ಹಾವಸೆ ಕಟ್ಟಿದ ಬಂಡೆಯ ಮೇಲೆ ಅವಳು ಜಾರಿದಳು. ಮೊಣಕಾಲಿನ ಕೆಳಗೆ ಚರ್ಮ ಸುಲಿದು ಬಿಳಿ ಕಂಡಿತು. ಅವಳೂ ನಗುತ್ತಲೇ ಇಳಿದಳು. ಎಷ್ಟೋ ವರ್ಷದ ಮೇಲೆ ಹೇಳಿದಳು, ಗೇಟು ದಾಟುವಾಗಲೇ ವಾಪಸ್ ಹೋಗೋಣ ಅನ್ನಿಸಿತ್ತಂತೆ. ನಿಮ್ಮ ಮನೆಯಲ್ಲಿ ಉಂಡು, ನಿನ್ನ ಊರಿನ ಗುಡ್ಡಕ್ಕೆ ಬೇಡ ಅನ್ನಲು ಬಾಯಿ ಬರಲಿಲ್ಲ ಅಂದಳು.

ನಾನು: ಹೊರಗಿನವರಿಗೆ ನಮ್ಮ ಮೋಡ ಗೊತ್ತಾಗುವುದಿಲ್ಲ. ಕರಡದ ಅಡಿ ಕಲ್ಲಿದೆಯೋ ಪೊಳ್ಳಿದೆಯೋ ಗೊತ್ತಾಗುವುದಿಲ್ಲ. ಅವರು ನೋಡುವುದು ನಮ್ಮ ಮುಖವನ್ನು. ಕರೆದುಕೊಂಡು ಹೋದವರೇ ಮೊದಲು "ಸಾಕು, ಇಳಿಯೋಣ" ಅನ್ನಬೇಕು. ನೀನು ಹತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಮಾತು ಅವನು ಹೇಳಲಿ ಅಂತ ಬಿಟ್ಟೆಯಲ್ಲ, ಅದಕ್ಕೆ ಸಿಟ್ಟು.

ಭಾವ: ಇದನ್ನು ಒಪ್ಪುತ್ತೇನೆ. ಉಳಿದದ್ದನ್ನಲ್ಲ.

ದೊಡ್ಡಪ್ಪ: ನನ್ನ ಭೇಷ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಅಕ್ಕನ ಮಾತು ಕೇಳು ತಮಾ.

(ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ.)

ತಮ್ಮ: ಅವನಿಗೆ ಫೋನ್ ಮಾಡಿದ್ದೆ. ಮತ್ತೆ ಬರುತ್ತಾನಂತೆ, ಡಿಸೆಂಬರ್‌ನಲ್ಲಿ.

ನಾನು: ಬರಲಿ. ನಾನೂ ಬರುತ್ತೇನೆ. ಬೆಳಿಗ್ಗೆ 6ಕ್ಕೆ ಹೊರಟು ಊಟದ ಹೊತ್ತಿಗೆ ಕೆಳಗೆ ಇರೋಣ.

ಆಯಿ: ವಿಡಿಯೊ ಈಗ ನೋಡಿದೆ. ಕರಡ ಹಿಡಿದರೆ ಅಂಗೈ ಕೊಯ್ಯುತ್ತದೆ. ಆ ಹುಡುಗನ ಕೈಗೆ ಏನು ಹಚ್ಚಿದೆ?

ತಮ್ಮ: ಕೈ ನೋಡಲೇ ಇಲ್ಲ ಆಯಿ. ಈಗ ಕೇಳುತ್ತೇನೆ.