ಎಸಿಗೆ ವೇಳಾಪಟ್ಟಿ ಹಾಕಿದರೆ ಕರೆಂಟ್ ಬಿಲ್ ಇಳಿಯುತ್ತದೆಯೇ?

ಪ್ರಶ್ನೆ (ವಿಜಯನಗರ, ಮೈಸೂರು): ತಾರಸಿಯ ಕೆಳಗಿನ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕಿಸಿದ್ದೇವೆ. ಅಮೆರಿಕದಲ್ಲಿರುವ ಮಗಳು, ಅಲ್ಲಿನ ಥರ್ಮೋಸ್ಟಾಟ್‌ನಂತೆ ಇದಕ್ಕೂ ವೇಳಾಪಟ್ಟಿ ಹಾಕಿಡಿ ಎನ್ನುತ್ತಾಳೆ. ಅದರಿಂದ ನಮ್ಮೂರಿನಲ್ಲೂ ಉಳಿತಾಯವಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕುವೆಂಪುನಗರದಿಂದ: ಆಗುತ್ತದೆ ಅಮ್ಮ, ಆದರೆ ಅಲ್ಲಿಯ ಲೆಕ್ಕವೇ ಬೇರೆ. ಅಲ್ಲಿ ಒಂದೇ ಯಂತ್ರ ಇಡೀ ಮನೆಯನ್ನು ತಂಪು ಮಾಡುವುದರಿಂದ, ಮನೆಯವರು ಹೊರಗಿರುವ ಎಂಟು ಗಂಟೆ ನಾಲ್ಕೈದು ಡಿಗ್ರಿ ಸಡಿಲಿಸಿದರೆ ಮನೆಯನ್ನು ಬಿಸಿ-ತಂಪು ಮಾಡುವ ವರ್ಷದ ಖರ್ಚಿನಲ್ಲಿ ಶೇ. 10ರವರೆಗೆ ಉಳಿಯಬಹುದೆಂದು ಅಲ್ಲಿನ ಇಂಧನ ಇಲಾಖೆ ಹೇಳುತ್ತದೆ. ಖಾಲಿ ಮನೆಗೆ ಎಸಿ ಹಾಕಿಡುವ ಅಭ್ಯಾಸ ನಮ್ಮಲ್ಲಿಲ್ಲ; ನಮ್ಮ ಉಳಿತಾಯವೇನಿದ್ದರೂ ನಡುರಾತ್ರಿಯ ನಂತರದ್ದು. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ಏಪ್ರಿಲ್ ತಿಂಗಳಲ್ಲೂ ಬೆಳಗಿನ ಜಾವ ಹೊರಗಿನ ಗಾಳಿ 22 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಹಗಲೆಲ್ಲ ಕಾದ ತಾರಸಿ ಮಾತ್ರ ಮಲಗುವ ಹೊತ್ತಿನವರೆಗೂ ಕೋಣೆಯೊಳಗೆ ಕಾವು ಬಿಡುತ್ತಲೇ ಇರುತ್ತದೆ. ಆದ್ದರಿಂದ ನಾವು ರಾತ್ರಿ 9.30ಕ್ಕೆ 25ಕ್ಕೆ ಹಾಕಿ, 12ರ ಹೊತ್ತಿಗೆ 27ಕ್ಕೆ ಏರಿ, 2ಕ್ಕೆ ತಾನಾಗಿ ಆಫ್ ಆಗುವಂತೆ ಇಟ್ಟಿದ್ದೇವೆ. ಮೊದಲ ವಾರ ಕಿಟಕಿ ಮುಚ್ಚಿಕೊಂಡೇ ಮಲಗಿ, ಮೂರು ಗಂಟೆಗೆ ಬೆವರಿ ಎದ್ದು, ಸಿಟ್ಟಿನಲ್ಲಿ 20ಕ್ಕೆ ಇಳಿಸಿ ಉಳಿಸಿದ್ದನ್ನೆಲ್ಲ ಕಳೆದುಕೊಂಡೆವು. ಈಗ ಸೊಳ್ಳೆ ಜಾಲರಿ ಹಾಕಿಸಿದ್ದೇವೆ. ಎಸಿ ನಿಂತಾಗ ನಮ್ಮವರು ಎದ್ದು ಕಿಟಕಿ ತೆರೆಯುತ್ತಾರೆ.

ಮಂಡ್ಯದಿಂದ: ನಾಲೆಯ ಬಯಲಿನ ನಮ್ಮ ಮನೆಯಲ್ಲಿ ತೇವ ಹೆಚ್ಚು, ಹೀಗಾಗಿ 27ಕ್ಕೆ ಏರಿಸಿದಾಗ ಫ್ಯಾನ್ ತಿರುಗದಿದ್ದರೆ ನಿದ್ರೆ ಬಾರದು. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಕೋಣೆ 32ರಲ್ಲಿರುವಾಗ 24ಕ್ಕೆ ಇಟ್ಟರೂ 18ಕ್ಕೆ ಇಟ್ಟರೂ ಕಂಪ್ರೆಸರ್ ಮೊದಲಿಗೆ ಹೆಚ್ಚುಕಡಿಮೆ ಪೂರ್ತಿ ಬಲದಲ್ಲೇ ಓಡುತ್ತದೆ. 18ಕ್ಕೆ ಇಟ್ಟರೆ ನಿಧಾನಿಸುವುದು ತಡವಾಗುತ್ತದೆ, ಅಷ್ಟೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳಿದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24ಕ್ಕೇ ಹೊಂದಿಸಿ ಬರುತ್ತಿರುವುದೂ ಇದೇ ಕಾರಣಕ್ಕೆ. ಗೃಹಜ್ಯೋತಿ ಇರುವವರಿಗಂತೂ ಈ ಶೇ. 6 ಸಣ್ಣ ಮಾತಲ್ಲ, ಏಕೆಂದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಚೆಸ್ಕಾಂನ ಇಡೀ ಬಿಲ್ಲನ್ನು ನಾವೇ ಕಟ್ಟಬೇಕು. ನಾನು ಬೇಸಿಗೆಯಲ್ಲಿ ಪ್ರತಿ ಭಾನುವಾರ ಮೀಟರ್ ಓದಿ ಕ್ಯಾಲೆಂಡರ್ ಮೇಲೆ ಬರೆದಿಡುತ್ತೇನೆ; ಮನೆಯವರು ನಗುತ್ತಾರೆ, ನಗಲಿ.

ಸರಸ್ವತಿಪುರಂನಿಂದ: ಒಂದು ಎಚ್ಚರಿಕೆ. ನಮ್ಮ ಎಸಿಯಲ್ಲಿ ಕರೆಂಟ್ ಹೋಗಿ ಬಂದರೆ ರಿಮೋಟ್‌ನಿಂದ ಇಟ್ಟ ಟೈಮರ್ ಅಳಿಸಿಹೋಗುತ್ತದೆ, ಎಸಿ ಮಾತ್ರ ಮತ್ತೆ ಓಡತೊಡಗುತ್ತದೆ. ಬೇಸಿಗೆ ಮಳೆ ಗುಡುಗುವ ರಾತ್ರಿಗಳಲ್ಲಿ ಹೀಗೆ ಬೆಳಗಿನವರೆಗೂ ಓಡಿದ್ದುಂಟು, ಆದ್ದರಿಂದ ನಿಮ್ಮದು ಹೇಗೆಂದು ಮೊದಲೇ ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ ನೋಡಿಕೊಳ್ಳಿ.