4-3, 3-4 ಎಣಿಸಿದರೆ ಡಿಫೆನ್ಸ್ ಅರ್ಥವಾಗುತ್ತದೆಯೇ? ಬ್ಯಾಚ್ ಗುಂಪಿನಲ್ಲೊಂದು ತಕರಾರು

[ಗಿರೀಶ ಒಂದು ಚಿತ್ರ ಕಳಿಸಿದ್ದಾನೆ: ‘ಅಮೆರಿಕನ್ ಫುಟ್‌ಬಾಲ್ ಡಿಫೆನ್ಸ್, ಒಂದೇ ಪುಟದಲ್ಲಿ’]

ಗಿರೀಶ (ಡಲ್ಲಾಸ್): ಲತಾ, ಡಿಫೆನ್ಸ್ ತಲೆಬುಡ ಅರ್ಥ ಆಗಲ್ಲ ಅಂದ್ಯಲ್ಲ, ಇದನ್ನ ನೋಡು. ಚೆಂಡು ಇರೋ ತಂಡ ಆಫೆನ್ಸ್, ಅವರನ್ನ ತಡೆಯೋ ತಂಡ ಡಿಫೆನ್ಸ್. ಮುಂದೆ ಕೈ ನೆಲಕ್ಕೂರಿರೋರು ಡಿಫೆನ್ಸಿವ್ ಲೈನ್. ಅವರ ಹಿಂದೆ ಲೈನ್‌ಬ್ಯಾಕರ್‌ಗಳು. ಅಂಚಿನಲ್ಲಿ ಕಾರ್ನರ್‌ಬ್ಯಾಕ್, ಹಿಂದೆ ಸೇಫ್ಟಿ. ಮುಂದಿನ ಎರಡು ಸಾಲಿನ ತಲೆ ಎಣಿಸು. ನಾಲ್ಕು ಮೂರು ಇದ್ರೆ 4-3, ಮೂರು ನಾಲ್ಕು ಇದ್ರೆ 3-4. ಮಿಕ್ಕ ನಾಲ್ವರು ಹಿಂದೆ. ಒಟ್ಟು 11. ಇಷ್ಟಾದ್ರೆ ಮುಕ್ಕಾಲು ಪಾಲು ಮುಗೀತು.

ಬಸು (ಕೊಲಂಬಸ್): ಗಿರಿ, ಇದು ಯಾವ ಕಾಲದ ಚಿತ್ರನೋ? ಈಗ ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಾಗ ಅರ್ಧಕ್ಕಿಂತ ಹೆಚ್ಚು ಆಟ ನಿಕಲ್‌ನಾಗ ನಡೀತೈತಿ. ಒಬ್ಬ ಲೈನ್‌ಬ್ಯಾಕರ್‌ನ ಹೊರಗ ಕೂಡ್ರಿಸಿ ಐದನೇ ಡಿಫೆನ್ಸಿವ್ ಬ್ಯಾಕ್‌ನ (ಕಾರ್ನರ್, ಸೇಫ್ಟಿಗಳ ಗುಂಪಿನವನ) ಇಳಿಸ್ತಾರ, ಅವನಿಗೂ ನಿಕಲ್ ಅಂತಾರ. ಆರು ಮಂದಿ ಆದ್ರ ಡೈಮ್. ನಿನ್ನ ಚಿತ್ರದಾಗ ಇವುಗಳ ಹೆಸರ ಇಲ್ಲ.

ಬಸು: ಮತ್ತ ಕೆಳಗ ‘46 ಡಿಫೆನ್ಸ್: 4 ಲೈನ್, 6 ಲೈನ್‌ಬ್ಯಾಕರ್’ ಅಂತ ಬರದಾರ. ಶುದ್ಧ ಸುಳ್ಳು. 46 ಅನ್ನೋದು ಶಿಕಾಗೊ ಬೇರ್ಸ್ ತಂಡದ ಸೇಫ್ಟಿ ಡಗ್ ಪ್ಲ್ಯಾಂಕ್‌ನ ಅಂಗಿ ನಂಬರು. ಅಲ್ಲಿನ ಡಿಫೆನ್ಸ್ ಕೋಚ್ ಬಡ್ಡಿ ರಯಾನ್ ಅದನ್ನ ಹೆಸರು ಮಾಡಿಟ್ಟ.

ಗಿರೀಶ: ಸರಿ, 46ರ ಸಾಲು ತಪ್ಪು. ಅದಕ್ಕೆ ಇಡೀ ಚಿತ್ರ ತಿಪ್ಪೆಗೆ ಹಾಕ್ಬೇಕಾ? ಹೊಸಬರಿಗೆ ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ.

ಲತಾ (ಬೆಂಗಳೂರು): ನೀವು ಆಮೇಲೆ ಬಡಿದಾಡಿ. ನನಗೆ ಬೇಕಿರೋದು ಇಷ್ಟೇ. ಸೂಪರ್ ಬೌಲ್ ನಮಗೆ ಸೋಮವಾರ ಬೆಳಿಗ್ಗೆ 5ಕ್ಕೆ ಶುರು. ನಿದ್ದೆಗಣ್ಣಲ್ಲಿ ಟೀವಿ ಹಾಕ್ತೀನಿ. ಸ್ನ್ಯಾಪ್ ಆಗೋಕೆ, ಅಂದ್ರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗೋಕೆ ಮುಂಚೆ ನಾನು ಯಾರನ್ನ ನೋಡ್ಬೇಕು?

ಪ್ರಭಾಕರ (ಸಿಯಾಟಲ್): ಸೇಫ್ಟಿಗಳನ್ನು. ನಿನ್ನ ಕಣ್ಣು ಹಿಂದಿನಿಂದ ಮುಂದಕ್ಕೆ ಬರ್ಬೇಕು. 12–15 ಗಜ ಹಿಂದೆ ಇಬ್ಬರು ನಿಂತಿದ್ದಾರಾ, ಮಧ್ಯದಲ್ಲಿ ಒಬ್ಬನೇ ಇದ್ದಾನಾ, ಯಾರೂ ಇಲ್ವಾ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೂಡ ಮೊದಲು ನೋಡುವುದು ಅದನ್ನೇ.

ಗಿರೀಶ: ಟೀವಿಯಲ್ಲಿ ಸೇಫ್ಟಿ ಎಲ್ಲಪ್ಪಾ ಕಾಣ್ತಾನೆ? ಪಕ್ಕದ ಕ್ಯಾಮೆರಾ ಲೈನ್ ಹತ್ತಿರಕ್ಕೇ ಕತ್ತರಿಸಿಬಿಡತ್ತೆ. ಹಿಂದಿನ ಇಬ್ಬರೂ ಚೌಕಟ್ಟಿನಾಚೆ. 22 ಜನರನ್ನೂ ತೋರಿಸೋ ಕೋಚ್ ವಿಡಿಯೊ ಇದ್ರೆ ನೀನು ಹೇಳೋದು ಸರಿ. ನೇರಪ್ರಸಾರದಲ್ಲಿ ಲತಾಗೆ ಕಾಣೋದು ಮುಂದಿನ ಏಳೆಂಟು ಜನ. ಅದಕ್ಕೇ ಮುಂದಿನಿಂದ ಎಣಿಸು ಅಂದಿದ್ದು.

ಪ್ರಭಾಕರ: ಅದೊಂದು ಒಪ್ಪತಕ್ಕ ಮಾತು. ಆದರೆ ರಿಪ್ಲೇಯಲ್ಲಿ ಹಿಂದಿನ ಕ್ಯಾಮೆರಾ ಹಾಕ್ತಾರೆ, ಆಗ ಸಿಗ್ತದೆ. ಮತ್ತೆ ಲೈವ್‌ನಲ್ಲೇ ಇನ್ನೊಂದು ಸುಳಿವು ಉಂಟು. ಸ್ನ್ಯಾಪ್‌ಗೆ ಮೊದಲು ಪಾಸ್ ಹಿಡಿಯುವ ರಿಸೀವರ್ ಒಬ್ಬ ಈ ಕಡೆಯಿಂದ ಆ ಕಡೆ ಓಡ್ತಾನಲ್ಲ, ಅವನ ಹಿಂದೆಯೇ ಒಬ್ಬ ಡಿಫೆಂಡರ್ ಓಡಿದರೆ ಹೆಚ್ಚಾಗಿ ಮ್ಯಾನ್, ಅಂದರೆ ಒಬ್ಬೊಬ್ಬನಿಗೆ ಒಬ್ಬೊಬ್ಬ ಕಾವಲು. ಎಲ್ಲರೂ ಒಂದೊಂದು ಹೆಜ್ಜೆ ಸರಿದು ನಿಂತರೆ ಝೋನ್, ಅಂದರೆ ಆಳಲ್ಲ, ಜಾಗ ಕಾಯುವುದು.

ಬಸು: ಮುಂದಿಂದನ ನೋಡ್ತೀನಿ ಅಂದ್ರೂ ತಲಿ ಎಣಿಸಬ್ಯಾಡ. ಸಂದಿ ಎಣಿಸು. ಕೇಳ್, ಇದು ಒಂದ್ ಸಲ ತಲಿಗೆ ಹೋತಂದ್ರ ಸಾಕು.

ಬಸು: ಆಫೆನ್ಸ್ ಲೈನ್‌ನಾಗ ನಡುವ ಸೆಂಟರ್, ಅವನ ಎರಡೂ ಕಡೆ ಗಾರ್ಡ್, ಅವರ ಹೊರಗ ಟ್ಯಾಕಲ್, ಅಂಚಿನಾಗ ಟೈಟ್ ಎಂಡ್. ಸೆಂಟರ್ ಮತ್ತ ಗಾರ್ಡ್ ನಡುವಿನ ಸಂದಿ ಎ. ಗಾರ್ಡ್ ಮತ್ತ ಟ್ಯಾಕಲ್ ನಡುವ ಬಿ. ಟ್ಯಾಕಲ್ ಹೊರಗ ಸಿ. ಟೈಟ್ ಎಂಡ್ ಇದ್ದ ಕಡೆ ಅವನ ಹೊರಗ ಡಿ. ಒಬ್ಬ ಟೈಟ್ ಎಂಡ್ ಇದ್ರ ಒಟ್ಟು ಏಳು ಸಂದಿ. ರನ್ (ಚೆಂಡು ಹಿಡಕೊಂಡು ಓಡೋ ಆಟ) ಬಂದಾಗ ಪ್ರತಿ ಸಂದಿಗೂ ಒಬ್ಬ ಹೊಣೆಗಾರ ಇರಬೇಕು. 4-3ನಾಗ ನಾಲ್ಕು ಲೈನ್, ಮೂರು ಲೈನ್‌ಬ್ಯಾಕರ್, ಏಳು ಸಂದಿಗೆ ಏಳು ಮಂದಿ, ಲೆಕ್ಕ ಚುಕ್ತಾ. ಎರಡನೇ ಟೈಟ್ ಎಂಡ್ ಬಂದ್ರ ಎಂಟನೇ ಸಂದಿ ಹುಟ್ಟತೈತಿ. ಆಗ ಒಬ್ಬ ಸೇಫ್ಟಿ ಮುಂದ ಇಳೀಬೇಕು. ಟೀವಿಯವರು ‘ಬಾಕ್ಸ್‌ನಲ್ಲಿ ಎಂಟು ಜನ’ ಅಂತಾರಲ್ಲ, ಅದು ಇದ. ಬಾಕ್ಸ್ ಅಂದ್ರ ಲೈನ್ ಹತ್ತಿರದ ಜಾಗ.

ಲತಾ: ಯಾರು ಯಾವ ಸಂದಿ ಅಂತ ನನಗೆ ಹೇಗೆ ಗೊತ್ತಾಗತ್ತೆ?

ಬಸು: ಲೈನ್‌ಮನ್ ನಿಂತ ಜಾಗಕ್ಕ ನಂಬರ್ ಐತಿ. ಟೆಕ್ನಿಕ್ ಅಂತಾರ. ಬಮ್ ಫಿಲಿಪ್ಸ್ ಕೋಚ್ ತಂದ ಪದ್ಧತಿ. ಸೆಂಟರ್‌ನ ಮೂತಿಗೆ ನೇರ ನಿಂತ್ರ 0, ಅವನ ಭುಜಕ್ಕ ಸರದ್ರ 1. ಗಾರ್ಡ್‌ನ ನೇರ 2, ಗಾರ್ಡ್‌ನ ಹೊರಭುಜ 3. ಟ್ಯಾಕಲ್‌ನ ನೇರ 4, ಹೊರಭುಜ 5. ಟೈಟ್ ಎಂಡ್‌ನ ನೇರ 6, ಹೊರಗ 9. ಟೈಟ್ ಎಂಡ್‌ನ ಒಳಭುಜಕ್ಕ 7 ಅಂತಾರ, ಅಲ್ಲಿ ಕ್ರಮ ತಪ್ಪತೈತಿ, ಹಂಗ ಒಪ್ಕೊ. ಒಳಭುಜಕ್ಕ ನಿಂತವನಿಗೆ ಬ್ಯಾರೆ ಕಡೆ ‘ಐ’ ಸೇರಸ್ತಾರ, 2ಐ, 4ಐ.

ಬಸು: ಇಷ್ಟರಾಗ ನೀನು ಹುಡುಕಬೇಕಾದವ 3 ಟೆಕ್ನಿಕ್. ಗಾರ್ಡ್‌ನ ಹೊರಭುಜಕ್ಕ ನಿಂತಾವ. ಅವ ಟೈಟ್ ಎಂಡ್ ಇರೋ ಕಡೆ ಇದ್ರ ಓವರ್ ಫ್ರಂಟ್. ಟೈಟ್ ಎಂಡ್ ಇಲ್ಲದ ಕಡೆ ಇದ್ರ ಅಂಡರ್. ಈಗ ಗಿರಿ ಚಿತ್ರ ಎಲ್ಲಿ ಮುರೀತೈತಿ ನೋಡ್. 4-3 ಅಂಡರ್‌ನಾಗ ಸ್ಯಾಮ್ ಲೈನ್‌ಬ್ಯಾಕರ್ (ಟೈಟ್ ಎಂಡ್ ಕಡೆಯವ) ಬಂದು ಟೈಟ್ ಎಂಡ್ ಹೊರಗ ಲೈನ್ ಮ್ಯಾಲೇ ನಿಂದರ್ತಾನ. ಆ ಕಡೆ ಎಂಡ್ (ಡಿಫೆನ್ಸಿವ್ ಲೈನ್‌ನ ಅಂಚಿನವ) 5ರಾಗ, ನೋಸ್ (ಸೆಂಟರ್ ಎದುರಿನವ) 1ರಾಗ. ಈ ಕಡೆ ಎಂಡ್ ಕೈ ಎತ್ತಿ ನಿಂತ ಅಂದ್ರ, ಲೈನ್ ಮ್ಯಾಲೆ ಐದು ಮಂದಿ, ಕೈ ಊರಿದವರು ಮೂರ. ನಿನ್ನ ಲೆಕ್ಕದಾಗ ಅದು 3-4. ಆಡಾಕತ್ತಿದ್ದು 4-3!

ಗಿರೀಶ: ಅದು ನನಗೂ ಗೊತ್ತು ಗುರು. ಹಂಗಂತ 3-4ಗೂ 4-3ಗೂ ವ್ಯತ್ಯಾಸವೇ ಇಲ್ಲ ಅನ್ನೋಕಾಗಲ್ಲ. ಹಳೇ 3-4ನಲ್ಲಿ ಲೈನ್‌ಮನ್ ಒಬ್ಬೊಬ್ಬನಿಗೂ ಎರಡೆರಡು ಸಂದಿ. ನೋಸ್ ಟ್ಯಾಕಲ್ ಸೆಂಟರ್‌ನ ನೇರ ನಿಂತು, ಅವನನ್ನ ತೋಳುದ್ದ ತಡೆದು ಹಿಡಿದು, ಚೆಂಡು ಯಾವ ಕಡೆಯ ಎ ಸಂದಿಗೆ ಬರತ್ತೋ ಆ ಕಡೆ ಕಳಚಿಕೊಳ್ಳಬೇಕು. ಅದಕ್ಕೇ 320 ಪೌಂಡ್ ಮೇಲಿನ ಆಸಾಮಿ ಬೇಕು, 145 ಕೆಜಿ. ಅವನು ಇಬ್ಬರು ಬ್ಲಾಕರ್‌ಗಳನ್ನ ತಿಂದ್ರೆ ಹಿಂದಿನ ಲೈನ್‌ಬ್ಯಾಕರ್‌ಗಳು ಸಲೀಸಾಗಿ ಓಡ್ತಾರೆ. ಅವನು ಒಬ್ಬನಿಗೇ ಸೋತ್ರೆ ಗಾರ್ಡ್ ನೇರ ಲೈನ್‌ಬ್ಯಾಕರ್ ಮೇಲೆ ಹೋಗ್ತಾನೆ, ಕಥೆ ಮುಗೀತು. 4-3ನಲ್ಲಿ ಒಳಗಿನ ಟ್ಯಾಕಲ್ ಜಾಗಕ್ಕೆ ಒಂದು ಸಂದಿ ಸೀಳಿ ನುಗ್ಗೋ ಚುರುಕು ಮನುಷ್ಯ ಬೇಕು. ಟ್ಯಾಂಪಾದ ವಾರೆನ್ ಸ್ಯಾಪ್ ಥರ. ಇಬ್ಬರನ್ನ ಅದಲುಬದಲು ಮಾಡಕ್ಕಾಗಲ್ಲ. ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ 3-4ರ ಹೊರಗಿನ ಲೈನ್‌ಬ್ಯಾಕರ್ ಆಗಿದ್ದಕ್ಕೇ ಅವನು ನುಗ್ತಾನಾ, ಹಿಂದೆ ಸರೀತಾನಾ ಅಂತ ಎದುರಾಳಿಗೆ ಪ್ರತಿ ಸಲ ಅನುಮಾನ.

ಬಸು: ಆಟಗಾರರನ್ನ ಆರಿಸೋವಾಗ ಆ ಮಾತು ಖರೆ. ಆಟ ನೋಡಾಕ ಕುಂತಾಗ ಅದರಿಂದ ಏನೂ ಹತ್ತೂದಿಲ್ಲ. ನಿಕಲ್‌ಗೆ ಬಂದ ಕೂಡ್ಲೇ 3-4 ತಂಡ ಆ ನೋಸ್‌ನನ್ನ ಹೊರಗ ಕಳಸ್ತೈತಿ. ಇಬ್ಬರು ಒಳಗಿನವರು, ಇಬ್ಬರು ಅಂಚಿನವರು ಉಳೀತಾರ. 4-3 ತಂಡದ ನಿಕಲ್ ಹೆಂಗಿರತೈತಿ? ಹಂಗ. ಒಬ್ಬರು 2-4-5 ಅಂತ ಬರೀತಾರ, ಇನ್ನೊಬ್ಬರು 4-2-5.

ಲತಾ: ನಿಕಲ್ ಅಂತ ಗುರುತಿಸೋದು ಹೇಗೆ? ಅಂಗಿ ನಂಬರ್ ನೋಡಿದ್ರೆ ಆಗತ್ತಾ?

ಗಿರೀಶ: ಈಗ ಆಗಲ್ಲ. 2021ರಲ್ಲಿ ನಿಯಮ ಸಡಿಲ ಮಾಡಿದ್ರು. ಡಿಫೆನ್ಸಿವ್ ಬ್ಯಾಕ್‌ಗಳು 1ರಿಂದ 49, ಲೈನ್‌ಬ್ಯಾಕರ್‌ಗಳು 1ರಿಂದ 59 ಮತ್ತು 90–99, 2023ರಿಂದ 0 ಕೂಡ. 7ನೇ ನಂಬರಿನವನು ಇವರಿಬ್ಬರಲ್ಲಿ ಯಾರು ಬೇಕಾದ್ರೂ ಆಗಬಹುದು. ಅದರ ಬದಲು ಎದುರು ತಂಡದಲ್ಲಿ ಅಗಲವಾಗಿ ನಿಂತ ರಿಸೀವರ್ ಎಷ್ಟು ಜನ ನೋಡು. ಮೂವರಿದ್ರೆ ಸಾಮಾನ್ಯವಾಗಿ ನಿಕಲ್. ಇದನ್ನ 11 ಪರ್ಸನೆಲ್ ಅಂತಾರೆ, ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್. 12 ಅಂದ್ರೆ ಟೈಟ್ ಎಂಡ್ ಇಬ್ಬರು.

ಪ್ರಭಾಕರ: ಇದರಲ್ಲೇ ಡಿಫೆನ್ಸ್ ಸಿಕ್ಕಿಬೀಳುವುದು ಮಾರಾಯ. ಆಫೆನ್ಸ್ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಸಮಯ ಕೊಡ್ಬೇಕು, ಅಂಪೈರ್ ಚೆಂಡಿನ ಮೇಲೆ ನಿಲ್ತಾನೆ. ಆಫೆನ್ಸ್ ಯಾರನ್ನೂ ಬದಲಿಸದೆ ಓಡಿ ಬಂದು ನಿಂತರೆ ಆ ರಕ್ಷಣೆ ಇಲ್ಲ. ದಪ್ಪಗಿನ ಲೈನ್‌ಬ್ಯಾಕರ್ ಸ್ಲಾಟ್ ರಿಸೀವರ್ (ಲೈನ್‌ಗೂ ಅಂಚಿನ ರಿಸೀವರ್‌ಗೂ ನಡುವೆ ನಿಲ್ಲುವವ) ಎದುರು ಬಾಕಿ. ಹೊರಗೆ ಓಡುವವ ಗೆರೆ ದಾಟುವ ಮೊದಲು ಸ್ನ್ಯಾಪ್ ಆದರೆ 12 ಜನ, 5 ಗಜ ದಂಡ.

ಲತಾ: ಮೊದಲ ಪ್ರಶ್ನೆಗೆ ಬಾ. ಇಬ್ಬರು ಸೇಫ್ಟಿ, ಒಬ್ಬ ಸೇಫ್ಟಿ. ಕಂಡ್ರೆ ಏನು ಮಾಡ್ಲಿ? ಕಬಡ್ಡಿಯಲ್ಲೂ ಕಾರ್ನರ್, ಕವರ್ ಅಂತಾರೆ. ಹಾಗೇನಾ?

ಪ್ರಭಾಕರ: ಹೆಸರು ಮಾತ್ರ ಹಾಗೆ, ಕೆಲಸ ಬೇರೆ. ಇಲ್ಲಿ ಕವರ್ ಮುಂದಿನ ಅಂಕಿ ಸಾಧಾರಣವಾಗಿ ಮೈದಾನದ ಆಳವನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಅಂತ. ಮೈದಾನದ ಅಗಲ 53 ಗಜ ಚಿಲ್ಲರೆ.

ಪ್ರಭಾಕರ: ಕವರ್ 2: ಇಬ್ಬರು ಸೇಫ್ಟಿ, ಅರ್ಧರ್ಧ. ಕಾರ್ನರ್‌ಗಳು ಹತ್ತಿರದ ಅಂಚು ಕಾಯ್ತಾರೆ, ರಿಸೀವರ್‌ನನ್ನು ಮೊದಲ 5 ಗಜದೊಳಗೆ ತಳ್ಳಿ ತಡಮಾಡ್ತಾರೆ. 1978ರಿಂದ 5 ಗಜದ ಆಚೆ ಮುಟ್ಟುವಂತಿಲ್ಲ. ಇದರ ತೂತು ಎರಡು ಕಡೆ. ಒಂದು, ಕಾರ್ನರ್‌ನ ಹಿಂದೆ, ಸೇಫ್ಟಿ ಬರುವ ಮೊದಲು, ಸೈಡ್‌ಲೈನ್ ಪಕ್ಕ 15–20 ಗಜದಲ್ಲಿ. ಇನ್ನೊಂದು, ಇಬ್ಬರು ಸೇಫ್ಟಿಗಳ ನಡುವೆ. ಆ ನಡುವಿನ ತೂತು ಮುಚ್ಚಲಿಕ್ಕೆ ಮಧ್ಯದ ಲೈನ್‌ಬ್ಯಾಕರ್‌ನನ್ನು ಓಡಿಸಿದರೆ ಟ್ಯಾಂಪಾ 2. ಅವ ಸೊಂಟ ತಿರುಗಿಸಿ ಹಿಂದಕ್ಕೆ ಓಡಬಲ್ಲವ ಆಗಿರ್ಬೇಕು, ಇಲ್ಲವಾದರೆ ಸ್ಕೀಮು ಕಾಗದದಲ್ಲಿ ಮಾತ್ರ. 2002ರ ಸೀಸನ್ನಿನ ಟ್ಯಾಂಪಾ ಬೇ ಸೂಪರ್ ಬೌಲ್‌ನಲ್ಲಿ ರೇಡರ್ಸ್‌ನ ಐದು ಪಾಸ್ ಕಸಿದು, ಅದರಲ್ಲಿ ಮೂರನ್ನು ಟಚ್‌ಡೌನ್ ಮಾಡಿ 48-21ರಲ್ಲಿ ಗೆದ್ದದ್ದು ಇದೇ ಆಟದಲ್ಲಿ.

ಪ್ರಭಾಕರ: ಕವರ್ 3: ಮಧ್ಯದಲ್ಲಿ ಒಬ್ಬ ಸೇಫ್ಟಿ, ಎರಡು ಅಂಚಿಗೆ ಕಾರ್ನರ್‌ಗಳು. ಇನ್ನೊಬ್ಬ ಸೇಫ್ಟಿ ರನ್ ತಡೀಲಿಕ್ಕೆ ಮುಂದೆ. ನಾಲ್ವರು ರಿಸೀವರ್ ನೇರ ಓಡಿದರೆ ಆ ಒಬ್ಬ ಸೇಫ್ಟಿಗೆ ಇಬ್ಬರು, ಬಲಕ್ಕೋ ಎಡಕ್ಕೋ ಆರಿಸಲೇಬೇಕು. ಕವರ್ 1 ಅಂದರೆ ಅದೇ ಒಬ್ಬ ಸೇಫ್ಟಿ, ಮಿಕ್ಕವರು ಮ್ಯಾನ್. ಕವರ್ 4ರಲ್ಲಿ ನಾಲ್ಕು ಭಾಗ. ದೂರದ ಪಾಸ್ ಕಷ್ಟ, ಹತ್ತಿರದ ಅಂಚು ಖಾಲಿ. ಅಲ್ಲಿ ಸೇಫ್ಟಿ ರನ್ ಅಂತ ನಂಬಿ ಎರಡು ಹೆಜ್ಜೆ ಮುಂದೆ ಬಂದರೆ ಅವನ ತಲೆ ಮೇಲಿಂದ ಪೋಸ್ಟ್ (ನೇರ ಓಡಿ ಮಧ್ಯಕ್ಕೆ ತಿರುಗುವವನಿಗೆ ಎಸೆದ ಪಾಸ್) ಹೋಗ್ತದೆ. ಕವರ್ 0ರಲ್ಲಿ ಹಿಂದೆ ಯಾರೂ ಇಲ್ಲ. ಒಂದು ಟ್ಯಾಕಲ್ ತಪ್ಪಿದರೆ ಟಚ್‌ಡೌನೇ.

ಗಿರೀಶ: ಆದ್ರೆ ಪ್ರಭಾ, ಈಗಿನ ಡಿಫೆನ್ಸ್‌ಗಳು ಇಬ್ಬರು ಸೇಫ್ಟಿ ತೋರಿಸಿ, ಸ್ನ್ಯಾಪ್ ಆದ ಕ್ಷಣಕ್ಕೆ ಒಬ್ಬನನ್ನ ಕೆಳಗಿಳಿಸಿ ಕವರ್ 3 ಆಡ್ತವೆ. ಹಾಗಾದ್ರೆ ನಿನ್ನ ಸೇಫ್ಟಿ ಲೆಕ್ಕವೂ ಮೋಸ ಹೋಯ್ತಲ್ಲ! ನನ್ನ ತಲೆ ಎಣಿಕೆ ಸುಳ್ಳಾದ್ರೆ ನಿಂದೂ ಸುಳ್ಳು.

ಪ್ರಭಾಕರ: ಸ್ನ್ಯಾಪ್ ಆದ ಮೇಲೂ ನೋಡ್ತಾ ಇರ್ಬೇಕು, ಅಷ್ಟೇ. ನಾಲ್ವರ ಮುಂಚೂಣಿ ಕಂಡರೆ ಹಿಂದೆ ಎಂತ ಬೇಕಾದರೂ ಇರಬಹುದು, ನಿನ್ನ ಎಣಿಕೆಯಿಂದ ಅದು ತಿಳಿಯುವುದಿಲ್ಲ. ಸೇಫ್ಟಿ ಸುಳ್ಳು ಹೇಳಿದರೆ ಅದಕ್ಕೆ ಬೆಲೆ ಕೊಡ್ತಾನೆ. ಒಂದು ಸೆಕೆಂಡಲ್ಲಿ 12 ಗಜ ಓಡಲಿಕ್ಕಾಗ್ತದಾ? ಸ್ನ್ಯಾಪ್‌ಗೆ ಸ್ವಲ್ಪ ಮುಂಚೆ ಅವ ಜಾರಲಿಕ್ಕೆ ಶುರು ಮಾಡ್ತಾನೆ. ಕ್ವಾರ್ಟರ್‌ಬ್ಯಾಕ್ ಸ್ನ್ಯಾಪ್ ತಡ ಮಾಡಿ ಕಾಯುವುದು ಅದಕ್ಕೇ.

ಬಸು: 2025ರ ಸೂಪರ್ ಬೌಲ್ ತಗೊ. ಫಿಲಡೆಲ್ಫಿಯಾ 40-22, ಕ್ಯಾನ್ಸಸ್ ಸಿಟಿ ವಿರುದ್ಧ. ಡಿಫೆನ್ಸ್ ನಡಸಿದಾವ ವಿಕ್ ಫ್ಯಾಂಜಿಯೊ. ಒಂದ ಒಂದು ಬ್ಲಿಟ್ಜ್ ಕಳಿಸಿಲ್ಲ. ಬ್ಲಿಟ್ಜ್ ಅಂದ್ರ ಐದು ಅಥವಾ ಹೆಚ್ಚು ಮಂದಿ ನುಗ್ಗೂದು, ಲತಾ. ನಾಲ್ಕ ಮಂದಿ ನುಗ್ಗಿ 6 ಸ್ಯಾಕ್, ಅಂದ್ರ ಎಸೆಯೂಕಿಂತ ಮೊದಲ ಕ್ವಾರ್ಟರ್‌ಬ್ಯಾಕ್‌ನ ಕೆಡವಿದ್ದು. ಉಳದ ಏಳು ಮಂದಿ ಹಿಂದ. ಎಸೆಯಾಕ ಜಾಗ ಇಲ್ಲ, ಹೊತ್ತೂ ಇಲ್ಲ. ಕೂಪರ್ ಡಿಜೀನ್ ಪಾಸ್ ಕಸಿದು 38 ಗಜ ಓಡಿ ಟಚ್‌ಡೌನ್ ಮಾಡಿದ್ನಲ್ಲ, ಅವ ಯಾರು? ನಿಕಲ್! ನಿನ್ನ ಚಿತ್ರದಾಗ ಇಲ್ಲದಾವ.

ಗಿರೀಶ: ಆ ಆಟವನ್ನ ಗೆಲ್ಲಿಸಿದ್ದು ಮುಂದಿನ ನಾಲ್ವರು ಅಂತ ನೀನೇ ಹೇಳ್ದೆ. ಮುಂದಿನಿಂದ ನೋಡು ಅಂತ ನಾನೂ ಅದನ್ನೇ ಅಂದಿದ್ದು 😄

ಬಸು: ನಾಲ್ಕು ಅಂತ ಎಣಿಸಿದ್ದಕ್ಕ ಗೆದ್ದಾರೇನೋ! ನಾಲ್ಕು ಸಾಕಾಗಿದ್ದಕ್ಕ ಗೆದ್ದಾರ. 1985ರ ಬೇರ್ಸ್ ಉಲ್ಟಾ. 46ನಾಗ ಸೆಂಟರ್ ಮತ್ತ ಇಬ್ಬರು ಗಾರ್ಡ್ ಎದುರಿಗೆ ಒಬ್ಬೊಬ್ಬ ಲೈನ್‌ಮನ್, ಟೈಟ್ ಎಂಡ್ ಕಡೆ ಲೈನ್ ಮ್ಯಾಲೆ ಇಬ್ಬರು ಲೈನ್‌ಬ್ಯಾಕರ್, ಸೇಫ್ಟಿ ಒಬ್ಬ ಬಾಕ್ಸ್‌ನಾಗ. ಡಬಲ್ ಬ್ಲಾಕ್ ಮಾಡಾಕ ಯಾರೂ ಖಾಲಿ ಇಲ್ಲ. ಸೂಪರ್ ಬೌಲ್ 46-10. ಆ ವರ್ಷ ಅವರನ್ನ ಸೋಲಿಸಿದ್ದು ಮಯಾಮಿ ಒಂದ, 38-24. ರಿಸೀವರ್‌ಗಳನ್ನ ಅಗಲಕ್ಕ ಹರಡಿಸಿದ್ರು, ಸ್ಲಾಟ್‌ನಾಗ ಓಡೋ ನ್ಯಾಟ್ ಮೂರ್‌ನ್ನ ಹಿಡಿಯಾಕ ತಕ್ಕವ ಅಲ್ಲಿ ಇರ್ಲಿಲ್ಲ. ಇವತ್ತು ಎಲ್ಲಾ ತಂಡ ಮೂರು ರಿಸೀವರ್ ನಿಲ್ಲಸ್ತಾವ, ಅದಕ್ಕ 46 ಪೂರ್ತಿ ಆಟ ಆಡೋರು ಯಾರೂ ಇಲ್ಲ.

ಲತಾ: ಅಂದ್ರೆ ನಿಕಲ್‌ನಲ್ಲಿ ಬಾಕ್ಸ್‌ನಲ್ಲಿ ಆರೇ ಜನ, ಸಂದಿ ಏಳು. ಒಂದು ಸಂದಿ ಖಾಲಿ ಬಿದ್ದಿರತ್ತೆ. ಅಲ್ಲೇ ಓಡಿಸಿದ್ರೆ?

ಬಸು: ಭಲೇ. ಇದ ಪ್ರಶ್ನೆ. ಆ ಏಳನೇ ಸಂದಿ ಸೇಫ್ಟಿದೋ, ನಿಕಲ್‌ದೋ ಆಗಿರತೈತಿ, ಆದ್ರ ಅವ ದೂರದಿಂದ ಬರಬೇಕು. ಅಷ್ಟರಾಗ 4–5 ಗಜ ಹೋಗಿರತೈತಿ. ಕೋಚ್‌ಗಳು ಬೇಕಂತ ಕೊಡ್ತಾರ ಅದನ್ನ, 40 ಗಜದ ಪಾಸ್ ಕೊಡೋದಕ್ಕಿಂತ ವಾಸಿ ಅಂತ. ಅನಾಹುತ ಆಗೋದು ಬ್ಯಾರೆ ಕಡೆ. 3 ಟೆಕ್ನಿಕ್ ದುರಾಸೆಯಿಂದ ಮುಂದ ನುಗ್ಗಿದ ಅಂದ್ರ ಅವನನ್ನ ಒಳಗ ಬರಾಕ ಬಿಟ್ಟು ಪಕ್ಕದಿಂದ ಬ್ಲಾಕ್ ಮಾಡ್ತಾರ, ಅದಕ್ಕ ಟ್ರ್ಯಾಪ್ ಅಂತಾರ. ಅಂಚಿನ ಎಂಡ್ ಒಳಗ ಮುಗ್ಗರಿಸಿದ್ರ ಕ್ವಾರ್ಟರ್‌ಬ್ಯಾಕ್ ಚೆಂಡು ತಾನ ಇಟ್ಕೊಂಡು ಹೊರಗ ಓಡ್ತಾನ. ಲೈನ್‌ಬ್ಯಾಕರ್ ತನ್ನ ಸಂದಿ ಬಿಟ್ಟು ಚೆಂಡಿನ ಹಿಂದ ಬಿದ್ರ, ರನ್ನಿಂಗ್ ಬ್ಯಾಕ್ ತಿರುಗಿ ಅವ ಬಿಟ್ಟ ಜಾಗಕ್ಕ ಬರ್ತಾನ. ಟೀವಿಯಾಗ 30 ಗಜದ ರನ್ ಕಂಡ್ರ ರಿಪ್ಲೇನಾಗ ಇವು ಮೂರರಾಗ ಯಾವುದು ಅಂತ ಹುಡುಕು.

ಲತಾ: ಇದನ್ನೆಲ್ಲ 40 ಸೆಕೆಂಡಲ್ಲಿ ಹನ್ನೊಂದು ಜನಕ್ಕೆ ಹೇಳೋದು ಯಾರು?

ಗಿರೀಶ: ಒಬ್ಬನ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರತ್ತೆ, 2008ರಿಂದ. ಒಳಗೆ ರೇಡಿಯೊ. ಸಾಮಾನ್ಯವಾಗಿ ಮಧ್ಯದ ಲೈನ್‌ಬ್ಯಾಕರ್, ಮೈಕ್ ಅಂತಾರೆ ಅವನನ್ನ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಕೋಚ್ ಧ್ವನಿ ಕಡಿದುಹೋಗತ್ತೆ. ಆಮೇಲೆ ಅವನೇ ಕೈಸನ್ನೆ, ಕೂಗಾಟ. ಟೀವಿಯಲ್ಲಿ ಚೆನ್ನಾಗಿ ಕಾಣತ್ತೆ. ನಾನಾಗಿದ್ರೆ ಮೊದಲು ಅವನನ್ನೇ ನೋಡ್ತೀನಿ.

ಪ್ರಭಾಕರ: ಲತಾ, ಇನ್ನೊಂದು. ಚೆಂಡು ಗೋಲ್ ಗೆರೆಯಿಂದ 5 ಗಜದಲ್ಲಿದ್ದರೆ ನನ್ನ ಸೇಫ್ಟಿ ಮಾತನ್ನು ಬಿಟ್ಟುಬಿಡು. ಎಂಡ್ ಝೋನ್‌ನ 10 ಗಜ ಸೇರಿದರೂ ಹಿಂದೆ ಇರುವುದು 15 ಗಜ. ದೂರಕ್ಕೆ ಎಸೆಯಲಿಕ್ಕೆ ಜಾಗವೇ ಇಲ್ಲ. ಹಿಂದಿನ ಗೆರೆಯೇ ಒಬ್ಬ ಡಿಫೆಂಡರ್ ಇದ್ದ ಹಾಗೆ. ಎಲ್ಲರೂ ಮುಂದೆ ಬಂದು ನಿಲ್ತಾರೆ.

ಗಿರೀಶ: ಆಗ ತಲೆ ಎಣಿಸಬಹುದು ತಾನೆ?

ಬಸು: ಸಂದಿ!